ಈಜಿನಲ್ಲೂ ಸಮಜೋಡಿ ಇರಲಿ

ಬೇಸಿಗೆ ರಜೆ ಬಂದಿತೆಂದರೆ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಮಕ್ಕಳ ಮನಸ್ಸು ನೀರಿನತ್ತ ಹರಿಯುವುದು ಸಹಜ. ಬಿಸಿಲು ನಲವತ್ತು ಡಿಗ್ರಿ ದಾಟಿದ ಮಧ್ಯಾಹ್ನ, ಹೊಲದ ಬಾವಿಯ ಮೆಟ್ಟಿಲ ಮೇಲೆ ಹಿರಿಯರೊಬ್ಬರು ಕುಳಿತು, ಹುಡುಗನ ಸೊಂಟಕ್ಕೆ ಹಗ್ಗ ಬಿಗಿದು, ಬೆನ್ನಿಗೆ ಒಣಗಿದ ಬುರುಡೆಯನ್ನೋ ಖಾಲಿ ಡಬ್ಬಿಯನ್ನೋ ಕಟ್ಟಿ ನೀರಿಗೆ ಬಿಡುತ್ತಿದ್ದ ದೃಶ್ಯವನ್ನು ನಮ್ಮ ಓದುಗರಲ್ಲಿ ಅನೇಕರು ಮರೆತಿರಲಾರರು. ಇಂದು ತೆರೆದ ಬಾವಿಗಳು ಹಲವೆಡೆ ಬತ್ತಿವೆ. ಅವುಗಳ ಸ್ಥಾನವನ್ನು ಕೊಳವೆ ಬಾವಿಗಳು ಆಕ್ರಮಿಸಿವೆ. ಆದಕಾರಣ ಅನುಕೂಲವುಳ್ಳ ಕುಟುಂಬಗಳು ರಜೆಯಲ್ಲಿ ಮಕ್ಕಳನ್ನು ನಗರದ ಬಂಧುಗಳ ಮನೆಗೆ ಕಳುಹಿಸಿ, ಅಲ್ಲಿನ ಬೇಸಿಗೆ ಈಜು ಶಿಬಿರಕ್ಕೆ ಸೇರಿಸುತ್ತಿವೆ. ಇದು ಸ್ವಾಗತಾರ್ಹವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಇಂಥ ಶಿಬಿರಗಳ ಕೊನೆಯಲ್ಲಿ ನಡೆಯುವ ಸ್ಪರ್ಧೆಯ ಕುರಿತು ನಾವು ಕೆಲವು ಮಾತುಗಳನ್ನು ಹೇಳಬಯಸುತ್ತೇವೆ.

ಕಳೆದ ಬೇಸಿಗೆಯಲ್ಲಿ ಅಂಥದೊಂದು ಸ್ಪರ್ಧೆಯನ್ನು ನೋಡುವ ಸಂದರ್ಭ ನಮಗೂ ಒದಗಿತ್ತು. ಒಂದೇ ವಯಸ್ಸಿನ ಆರು ಬಾಲಕರು ಸಾಲಾಗಿ ನಿಂತಿದ್ದರು. ಅವರಲ್ಲಿ ಒಬ್ಬನು ವರ್ಷವಿಡೀ, ಚಳಿ ಮಳೆಯೆನ್ನದೆ, ಬೆಳಗಿನ ಜಾವ ಎದ್ದು ತರಬೇತಿ ಪಡೆಯುವವನು. ಇನ್ನೊಬ್ಬನು ನಮ್ಮ ಕಡೆಯ ಹುಡುಗ. ನೀರಿಗಿಳಿದು ನಾಲ್ಕು ವಾರಗಳಷ್ಟೇ ಆಗಿದ್ದವು. ಸೀಟಿ ಊದಿದೊಡನೆ ಮೊದಲನೆಯವನು ಬಾಣದಂತೆ ಧುಮುಕಿದನು. ನಮ್ಮ ಹುಡುಗ ಅರ್ಧ ಕೊಳವನ್ನು ತಲುಪುವ ಮೊದಲೇ ಅವನು ಆಚೆಯ ಗೋಡೆಯನ್ನು ಒದ್ದು ಹಿಂತಿರುಗುತ್ತಿದ್ದನು. ತಲೆಯನ್ನು ನೀರಿನ ಮೇಲೆತ್ತಿಕೊಂಡೇ, ಕೈಕಾಲು ಬಡಿಯುತ್ತ, ನಮ್ಮವನು ಕಡೆಯವನಾಗಿ ದಡ ಸೇರಿದನು. ನಾಲ್ಕು ವಾರಗಳ ಹಿಂದೆ ನೀರೆಂದರೆ ಹೆದರುತ್ತಿದ್ದ ಹುಡುಗ ಎಲ್ಲಿಯೂ ನಿಲ್ಲದೆ ಈಜಿ ಬಂದಿದ್ದನು. ಅದನ್ನು ಯಾರೂ ಗಮನಿಸಲಿಲ್ಲ. ಕೆಲವರು ನಕ್ಕರು. ತಂದೆಯಾದರೋ, ‘ಇಷ್ಟು ರೊಕ್ಕ ಕಟ್ಟಿ ಕಲ್ತಿದ್ದು ಇದೇ ಏನು?’ ಎಂದು ಎಲ್ಲರೆದುರಿಗೆ ಕೇಳಿಯೇಬಿಟ್ಟರು. ಈ ವರ್ಷ ಆ ಹುಡುಗ ಶಿಬಿರಕ್ಕೆ ಹೋಗಲೊಲ್ಲೆನೆಂದು ಹಟ ಹಿಡಿದಿದ್ದಾನೆ.

ಗೆದ್ದ ಬಾಲಕನ ಮುಖವನ್ನೂ ನಾವು ನೋಡಿದೆವು. ಅಲ್ಲಿ ಸಂತೋಷವೇನೂ ಇರಲಿಲ್ಲ. ಎದುರಾಳಿಯೇ ಇಲ್ಲದ ಸ್ಪರ್ಧೆಯಲ್ಲಿ ಗೆಲುವಿಗೆ ಅರ್ಥವೆಲ್ಲಿಯದು? ಅವನ ಮೇಲೆ ನಮಗೆ ಯಾವ ಆಕ್ಷೇಪವೂ ಇಲ್ಲ. ವರ್ಷವಿಡೀ ಬೆವರು ಸುರಿಸುವ ಮಗುವಿನ ಸಾಧನೆ ಗೌರವಕ್ಕೆ ಪಾತ್ರವಾದುದು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಧಿನಿಧಿ ದೇಸಿಂಗು 14ನೆಯ ವಯಸ್ಸಿನಲ್ಲೇ 200 ಮೀಟರ್ ಫ್ರೀಸ್ಟೈಲ್‌ನಲ್ಲಿ ಭಾರತವನ್ನು ಪ್ರತಿನಿಧಿಸಿದ್ದು ಒಂದು ಬೇಸಿಗೆಯ ಶಿಬಿರದ ಫಲವಲ್ಲ. ಅಂಥ ಸಾಧನೆಗೆ ವರ್ಷಗಳ ಶಿಸ್ತು ಬೇಕು. ಆದ್ದರಿಂದ ದೋಷವಿರುವುದು ಮಕ್ಕಳಲ್ಲಿ ಅಲ್ಲ. ಜೋಡಿ ಕಟ್ಟಿದ ಹಿರಿಯರಲ್ಲಿ.

‘ವಯಸ್ಸು ಒಂದೇ ಇದೆಯಲ್ಲ, ಮತ್ತೇನು ಅನ್ಯಾಯ?’ ಎಂದು ಸಂಘಟಕರು ಕೇಳಬಹುದು. ಈ ಪ್ರಶ್ನೆಗೆ ಉತ್ತರವನ್ನು ನಮ್ಮ ಜಾತ್ರೆಗಳ ಕುಸ್ತಿ ಕಣವೇ ಕೊಡುತ್ತದೆ. ಅಲ್ಲಿ ಜೋಡಿ ಕಟ್ಟುವ ಹಿರಿಯರು ಪೈಲ್ವಾನರ ವಯಸ್ಸನ್ನಷ್ಟೇ ಕೇಳಿ ಕಣಕ್ಕೆ ಬಿಡುವುದಿಲ್ಲ. ಮೈಕಟ್ಟು ನೋಡುತ್ತಾರೆ, ಗರಡಿಯ ಸಾಧನೆಯನ್ನು ವಿಚಾರಿಸುತ್ತಾರೆ. ಎಳೆಯ ಹುಡುಗನನ್ನು ನುರಿತ ಪೈಲ್ವಾನನ ಕೈಗೆ ಕೊಟ್ಟರೆ ಜನರೇ ಸುಮ್ಮನಿರುವುದಿಲ್ಲ. ಸಮಜೋಡಿಯಾದರೆ ಮಾತ್ರ ಅದು ಕುಸ್ತಿ ಎಂಬ ವಿವೇಕ ನಮ್ಮ ಹಳ್ಳಿಗಳಿಗೆ ಇದೆ. ಆ ವಿವೇಕ ಈಜುಕೊಳದ ಬಾಗಿಲಲ್ಲಿ ಏಕೆ ನಿಂತುಹೋಗಬೇಕು? ಸಮಾನರಲ್ಲದವರನ್ನು ಸಮಾನರೆಂದು ಎಣಿಸುವುದೂ ಅನ್ಯಾಯವೇ ಎಂದು ತತ್ವಜ್ಞಾನಿ ಅರಿಸ್ಟಾಟಲ್ ಬಹು ಹಿಂದೆಯೇ ಪ್ರತಿಪಾದಿಸಿದ್ದನು.

ಒಲಿಂಪಿಕ್ಸ್‌ನಂಥ ಮಹಾಕೂಟದಲ್ಲೂ ಪ್ರಾಥಮಿಕ ಸುತ್ತಿನ ಈಜುಗಾರರನ್ನು ಅವರು ಮೊದಲೇ ದಾಖಲಿಸಿದ ವೇಳೆಯ ಆಧಾರದ ಮೇಲೆ ಗುಂಪು ಮಾಡುವ ಪದ್ಧತಿಯಿದೆ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಆಫ್ರಿಕಾದ ಈಕ್ವಟೋರಿಯಲ್ ಗಿನಿಯ ಎರಿಕ್ ಮೌಸಂಬಾನಿ ಸ್ಪರ್ಧಿಸಿದ್ದನ್ನು ಕೆಲವರು ಬಲ್ಲರು. ಆತ ಈಜು ಕಲಿತು ಒಂದು ವರ್ಷವೂ ತುಂಬಿರಲಿಲ್ಲ. ಅಭ್ಯಾಸ ಮಾಡಿದ್ದು ಹೋಟೆಲೊಂದರ ಸಣ್ಣ ಕೊಳದಲ್ಲಿ. ಆತನನ್ನು ಆತನಂತೆಯೇ ಹೊಸಬರಾದ ಇಬ್ಬರೊಡನೆ ಇಳಿಸಲಾಗಿತ್ತು. ಆ ಇಬ್ಬರೂ ಸಂಕೇತಕ್ಕೆ ಮೊದಲೇ ಧುಮುಕಿ ಅನರ್ಹರಾದುದರಿಂದ ಆತ ಒಬ್ಬನೇ ಈಜಬೇಕಾಯಿತು. 100 ಮೀಟರ್ ಕ್ರಮಿಸಲು ತೆಗೆದುಕೊಂಡ ಸಮಯ 1 ನಿಮಿಷ 52.72 ಸೆಕೆಂಡು; ಆ ಸ್ಪರ್ಧೆಯ ಚಿನ್ನ ಗೆದ್ದವನ ವೇಳೆಯ ಇಮ್ಮಡಿಗಿಂತಲೂ ಹೆಚ್ಚು. ಆದರೂ ಕೊನೆಯ ಮೀಟರುಗಳಲ್ಲಿ ಆತ ಬಳಲಿದಾಗ ಇಡೀ ಸಭಾಂಗಣ ಚಪ್ಪಾಳೆ ತಟ್ಟಿ ಆತನನ್ನು ದಡ ಸೇರಿಸಿತು. ಮುಂದೆ ಆತ ತನ್ನ ದೇಶದ ಈಜು ತಂಡಕ್ಕೆ ತರಬೇತುದಾರನಾದನು. ಅಂದು ಗೇಲಿ ಮಾತ್ರ ಆತನ ಪಾಲಿಗೆ ಬಂದಿದ್ದರೆ ಹಾಗಾಗುತ್ತಿತ್ತೇ?

ಇನ್ನು ಕೆಲವು ಪಾಲಕರ ವಾದವೇ ಬೇರೆ. ಬದುಕೇ ಒಂದು ಪೈಪೋಟಿ. ಸೋಲನ್ನು ಮಕ್ಕಳು ಈಗಲೇ ಕಲಿಯಲಿ ಎನ್ನುತ್ತಾರೆ. ಸೋಲನ್ನು ಕಲಿಯಬೇಕೆಂಬುದು ನಿಜ. ಆದರೆ ಪ್ರಯತ್ನಿಸಿದರೆ ಗೆಲ್ಲಬಹುದಾಗಿದ್ದ ಸೋಲು ಮಗುವಿಗೆ ಪಾಠವಾಗುತ್ತದೆ. ಎಷ್ಟು ಪ್ರಯತ್ನಿಸಿದರೂ ಗೆಲ್ಲಲಾಗದ ಸೋಲು ಕೇವಲ ಅಪಮಾನವಾಗುತ್ತದೆ. ಬೇರೆ ಕೆಲವರು ಇದಕ್ಕೆ ಹೆದರಿ, ಆಟವಾಡಲು ಬಂದ ಮಗುವನ್ನೂ ವರ್ಷವಿಡೀ ತರಬೇತಿಗೆ ದೂಡುತ್ತಾರೆ. ಬಾಲಕರ ವಿಭಾಗದಲ್ಲಿಯೂ ಪ್ರೌಢರ ವಿಭಾಗದಲ್ಲಿಯೂ ಒಲಿಂಪಿಕ್ ಕಿರೀಟ ಗೆದ್ದವರು ಇಬ್ಬರು ಮೂವರು ಮಾತ್ರ, ಎಳವೆಯ ಅತಿಯಾದ ಕಸರತ್ತು ಶಕ್ತಿಯನ್ನು ಹೀರಿಬಿಡುತ್ತದೆ ಎಂದು ಅದೇ ಅರಿಸ್ಟಾಟಲ್ ತನ್ನ ರಾಜನೀತಿ ಗ್ರಂಥದಲ್ಲಿ ಎಚ್ಚರಿಸಿದ್ದಾನೆ. ಸಂತ ತೋಮಸ್ ಅಕ್ವಿನಾಸರು ಆಟವನ್ನು ಆತ್ಮದ ವಿಶ್ರಾಂತಿ ಎಂದು ಕರೆದು, ಪ್ರೇಷಿತ ಸಂತ ಯೊವಾನ್ನರ ಕುರಿತು ಒಂದು ಹಳೆಯ ಕಥೆಯನ್ನು ಹೇಳುತ್ತಾರೆ. ಸಂತರು ಶಿಷ್ಯರೊಡನೆ ಆಟದಲ್ಲಿದ್ದುದನ್ನು ಕಂಡು ಕೆಲವರು ಮೂಗು ಮುರಿದರಂತೆ. ಅವರಲ್ಲಿ ಬಿಲ್ಲು ಹಿಡಿದಿದ್ದವನೊಬ್ಬನಿಗೆ ಸಂತರು ಬಾಣ ಬಿಡುವಂತೆ ಹೇಳಿ, ಎಡೆಬಿಡದೆ ಬಿಡಬಲ್ಲೆಯಾ ಎಂದು ಕೇಳಿದರು. ಹಾಗೆ ಮಾಡಿದರೆ ಬಿಲ್ಲು ಮುರಿದೀತು ಎಂದನವನು. ಮನುಷ್ಯನ ಮನಸ್ಸೂ ಹಾಗೆಯೇ ಎಂದರು ಸಂತರು. ರಜೆಯ ಮಗುವಿನ ಕೈಗೆ ಎಳೆದ ಬಿಲ್ಲನ್ನೇ ಕೊಡುವ ಪಾಲಕರು ಈ ಕಥೆಯನ್ನು ನೆನೆಯಬೇಕು.

ಹಾಗಾದರೆ ಮಾಡತಕ್ಕದ್ದೇನು? ವರ್ಷವಿಡೀ ಈಜುವವರನ್ನು ಶಿಬಿರದಿಂದ ಹೊರಗಿಡಬೇಕೆಂದು ನಾವು ಹೇಳುತ್ತಿಲ್ಲ. ನೀರು ಎಲ್ಲರಿಗೂ ಒಂದೇ ಇರಲಿ. ಪದಕದ ಸ್ಪರ್ಧೆ ಮಾತ್ರ ಬೇರೆಯಾಗಲಿ. ಶಿಬಿರದ ಮೊದಲ ವಾರವೇ ಪ್ರತಿ ಮಗುವಿನ ವೇಳೆಯನ್ನು ಬರೆದಿಟ್ಟು, ಸಮಬಲರನ್ನು ಒಂದೊಂದು ಗುಂಪು ಮಾಡಲು ಹೆಚ್ಚಿನ ಖರ್ಚೇನೂ ಇಲ್ಲ. ಒಂದು ನಿಲುಗಡಿಯಾರ, ಒಂದು ನೋಟುಪುಸ್ತಕ ಸಾಕು. ಕೊನೆಯ ದಿನ ತನ್ನದೇ ಮೊದಲ ವೇಳೆಯನ್ನು ಅತಿ ಹೆಚ್ಚು ಉತ್ತಮಪಡಿಸಿಕೊಂಡ ಮಗುವಿಗೂ ಬಹುಮಾನ ಸಲ್ಲಲಿ. ನಾಲ್ವರ ರಿಲೇ ಸ್ಪರ್ಧೆಯಲ್ಲಿ ಪ್ರತಿ ತಂಡಕ್ಕೂ ಒಬ್ಬ ನುರಿತವನನ್ನೂ ಮೂವರು ಹೊಸಬರನ್ನೂ ಹಂಚಿದರೆ, ಎದುರಾಳಿಯಾಗಿದ್ದವನೇ ಜೊತೆಗಾರನಾಗುತ್ತಾನೆ. ಎದೆಯೀಜಿನಲ್ಲಿ ಗೋಡೆಯನ್ನು ಎರಡೂ ಕೈಗಳಿಂದ ಒಟ್ಟಿಗೆ ಮುಟ್ಟಬೇಕೆಂಬ ನಿಯಮವನ್ನು ಅರಿಯದೆ ಅನರ್ಹನಾಗುವ ಹೊಸಬನಿಗೆ ಅದನ್ನು ತೋರಿಸಿಕೊಡಲು ಅವನಿಗಿಂತ ಒಳ್ಳೆಯ ಗುರು ಯಾರು? ಹೆಚ್ಚು ಪಡೆದವನಿಂದ ಹೆಚ್ಚು ನಿರೀಕ್ಷಿಸಲಾಗುವುದು ಎಂಬ ಶುಭಸಂದೇಶದ ಬೋಧನೆ ಈಜುಕೊಳಕ್ಕೂ ಅನ್ವಯಿಸುತ್ತದೆ.

ಇದನ್ನೆಲ್ಲ ಒಂದು ಪದಕದ ಸಲುವಾಗಿ ನಾವು ಬರೆಯುತ್ತಿಲ್ಲ. ನಮ್ಮ ಸೀಮೆಯಲ್ಲಿ ಈಜು ವಿನೋದವಷ್ಟೇ ಅಲ್ಲ. ಅಫಜಲಪುರ, ಜೇವರ್ಗಿಗಳ ಮಗ್ಗುಲಲ್ಲಿ ಭೀಮೆ ಹರಿಯುತ್ತಾಳೆ, ಆಳಂದದಲ್ಲಿ ಅಮರ್ಜಾ ಜಲಾಶಯವಿದೆ, ಹೊಲಗಳಲ್ಲಿ ಕೃಷಿಹೊಂಡಗಳಿವೆ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ದಡದ ಹಳ್ಳಿಗಳಿಗೆ ನುಗ್ಗಿದ್ದನ್ನು ಕಂಡವರಿಗೆ ನೀರಿನ ಬಲವನ್ನು ಹೇಳಬೇಕಾಗಿಲ್ಲ. 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಶಾಲಾ ವಯಸ್ಸಿನ ಮಕ್ಕಳಿಗೆ ಈಜು ಕಲಿಸಬೇಕೆಂಬುದು ಅದು ಸೂಚಿಸಿದ ಪರಿಹಾರಗಳಲ್ಲೊಂದು. ನಗೆಪಾಟಲಿಗೆ ಅಂಜಿ ಕೊಳವನ್ನು ಬಿಟ್ಟ ಮಗು ಕಳೆದುಕೊಳ್ಳುವುದು ಬಹುಮಾನವನ್ನಲ್ಲ, ಒಂದು ದಿನ ತನ್ನನ್ನೂ ತಮ್ಮನನ್ನೂ ಉಳಿಸಬಲ್ಲ ವಿದ್ಯೆಯನ್ನು.

ಆದ್ದರಿಂದ ತಂದೆತಾಯಂದಿರಲ್ಲಿ ನಮ್ಮದೊಂದು ವಿನಂತಿ. ಮಗು ನೀರಿನಿಂದ ಮೇಲೆ ಬಂದೊಡನೆ ಎಷ್ಟನೆಯವನಾದೆ ಎಂದು ಕೇಳಬೇಡಿ. ಮೊದಲು ಟವೆಲ್ ಕೊಡಿ, ತಲೆ ಒರೆಸಿ, ನಾಳೆ ಮತ್ತೆ ಬರೋಣವೇ ಎಂದು ಕೇಳಿ. ‘ಹೂಂ’ ಎಂದು ಅದು ತಲೆಯಾಡಿಸಿದರೆ ನೀವು ಕಟ್ಟಿದ ಹಣ ವ್ಯರ್ಥವಾಗಿಲ್ಲವೆಂದು ತಿಳಿಯಿರಿ.