ನೋಡಿ ಕಲಿ ಎನ್ನುವ ಮುನ್ನ

"ಅವಳನ್ನು ನೋಡಿ ಕಲಿ" ಎಂಬ ಮಾತನ್ನು ಕೇಳದೆ ಬೆಳೆದ ಹೆಣ್ಣುಮಗಳು ನಮ್ಮಲ್ಲಿ ಯಾರಿದ್ದಾಳೆ? ಆಟಿಸಂ ಇರುವ ಹುಡುಗಿ ಈ ಮಾತನ್ನು ಅಕ್ಷರಶಃ ಪಾಲಿಸುತ್ತಾಳೆ. ಪಕ್ಕದವಳು ನಕ್ಕರೆ ತಾನೂ ನಗುತ್ತಾಳೆ, ಒಂದು ಕ್ಷಣ ತಡವಾಗಿ. ಎದುರಿನವರ ಕಣ್ಣನ್ನು ನೋಡಲಾಗದೆ ಹಣೆಯ ಬೊಟ್ಟನ್ನು ನೋಡುತ್ತಾಳೆ. ಆಡಬೇಕಾದ ಮಾತನ್ನು ಮೊದಲೇ ಬಾಯಿಪಾಠ ಮಾಡಿಕೊಂಡು ಬರುತ್ತಾಳೆ. ಶಾಲೆ ಅವಳನ್ನು "ಸಾಧು ಹುಡುಗಿ" ಎಂದು ಹೊಗಳಿ ಸುಮ್ಮನಾಗುತ್ತದೆ.

ಸಂಜೆ ಕಳಸದ ಬಸ್ಸಿಳಿದು ಮನೆ ಸೇರಿದ ಮೇಲೆ ಅದೇ ಹುಡುಗಿ ಚೀಲ ಎಸೆದು ಕಂಬಳಿಯೊಳಗೆ ಸೇರಿಕೊಳ್ಳುತ್ತಾಳೆ, ಮಾತನಾಡಿಸಿದರೆ ಕಿರುಚುತ್ತಾಳೆ. "ಶಾಲೆಯಲ್ಲಿ ಸರಿಯಾಗಿಯೇ ಇದ್ದಾಳಲ್ಲ, ನೀವೇ ಮುದ್ದು ಮಾಡಿ ಕೆಡಿಸಿದ್ದೀರಿ" ಎಂದು ತಾಯಿಗೆ ಬುದ್ಧಿ ಹೇಳುವವರಿಗೆ ಬರವಿಲ್ಲ. ನಮ್ಮ ಕುದುರೆಮುಖ ಬೆಟ್ಟವೂ ಒಂದು ಕಡೆಯಿಂದ ನೋಡಿದರಷ್ಟೇ ಕುದುರೆಯ ಮುಖದಂತೆ ಕಾಣುವುದು. ಆ ಕಡೆ ನಿಂತವರು ಈ ಕಡೆಯವರನ್ನು ಸುಳ್ಳರೆಂದರೆ ಹೇಗೆ?

1943ರಲ್ಲಿ ಅಮೆರಿಕದಲ್ಲಿ ವೈದ್ಯ ಲಿಯೋ ಕ್ಯಾನರ್ ಆಟಿಸಂ ಕುರಿತು ಬರೆದಾಗ ವಿವರಿಸಿದ 11 ಮಕ್ಕಳಲ್ಲಿ ಹುಡುಗಿಯರು ಮೂವರೇ. ಇದು ಗಂಡುಮಕ್ಕಳ ತೊಂದರೆಯೆಂಬ ನಂಬಿಕೆ ಬಹುಕಾಲ ಉಳಿಯಿತು. 2017ರಲ್ಲಿ ಲಂಡನ್ನಿನ ಸಂಶೋಧಕಿ ಲಾರಾ ಹಲ್ ಮತ್ತು ಸಂಗಡಿಗರು ಆಟಿಸಂ ಇರುವ ವಯಸ್ಕರನ್ನೇ ಕೇಳಿದರು. ಎಲ್ಲರೊಳಗೊಬ್ಬರಾಗಲು ಇತರರನ್ನು ಅನುಕರಿಸುತ್ತೇವೆ, ಆಮೇಲೆ ಬಳಲಿ ಬೀಳುತ್ತೇವೆ, ನಾವು ಯಾರೆಂಬುದೇ ಮರೆತಂತಾಗುತ್ತದೆ ಎಂಬರ್ಥದ ಮಾತು ಹೆಂಗಸರಿಂದಲೂ ಗಂಡಸರಿಂದಲೂ ಬಂತು.

1995ರ ಅಂಗವಿಕಲರ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಇರಲಿಲ್ಲ. 2016ರ ಕಾಯ್ದೆಯ 21ರ ಪಟ್ಟಿಯಲ್ಲಿ ಅದು ಸೇರಿದೆ. ಆದರೆ ಚೆನ್ನಾಗಿ ನಟಿಸುವ ಮಗು ಯಾರ ಕಣ್ಣಿಗೂ ಬೀಳದಿದ್ದರೆ ಕಾಯ್ದೆ ಅವಳಿಗೆ ಏನು ಕೊಟ್ಟೀತು?

"ನಾಲ್ಕು ಜನರೊಡನೆ ಬಾಳಬೇಕಲ್ಲ, ಹೊಂದಿಕೊಳ್ಳದಿದ್ದರೆ ಹೇಗೆ?" ಎಂದು ಕೇಳುವಿರಿ. ಹೊಂದಿಕೊಳ್ಳುವುದರ ಬೆಲೆ ನಮಗೆ ಗೊತ್ತಿಲ್ಲವೇ? ಬೇಡದ ಕಡೆ ನಕ್ಕು, ಬೇಸರ ನುಂಗಿ, "ಎಂಥಾ ಒಳ್ಳೆಯ ಸೊಸೆ" ಎನಿಸಿಕೊಂಡವರು ನಾವು. ನಮಗಾದರೂ ಅಡುಗೆಮನೆಯಲ್ಲಿ ಒಂದು ಗಳಿಗೆ ಬಿಡುವಿತ್ತು. ಆ ಮಗು ಬೆಳಗಿನ ಪ್ರಾರ್ಥನೆಯಿಂದ ಕೊನೆಯ ಗಂಟೆಯವರೆಗೆ ಎಡೆಬಿಡದೆ ದುಡಿಯುತ್ತದೆ. ಅದನ್ನು ನಾವು ಸದ್ಗುಣವೆಂದು ಕರೆಯುತ್ತೇವೆ.

ಬಸ್ಸಿನಲ್ಲಿ ಟಿಕೆಟ್ ಕೇಳುವುದನ್ನು ಕಲಿಸೋಣ, ಹೊಟ್ಟೆನೋವಾದರೆ ಹೇಳುವುದನ್ನು ಕಲಿಸೋಣ. ಬಾರದ ನಗುವನ್ನು ಕಲಿಸುವುದು ಬೇಡ. ಊಟದ ಬಿಡುವಿನಲ್ಲಿ ಒಬ್ಬಳೇ ಕೂರುತ್ತೇನೆಂದರೆ ಕೂರಲಿ. ಕೈ ಅಲ್ಲಾಡಿಸಿದರೆ ಅಲ್ಲಾಡಿಸಲಿ, ಪಾಠ ಕೇಳುವುದು ಕೈಯಿಂದಲ್ಲ. ಶಿಕ್ಷಕಿಯಾಗಿ ನನ್ನ ಸಹೋದ್ಯೋಗಿಗಳಿಗೆ ನಾನು ಹೇಳುವುದಿಷ್ಟೇ: ಮಗು ಮನೆಯಲ್ಲಿ ಹೇಗಿದೆ ಎಂದು ತಾಯಿಯನ್ನು ಕೇಳಿ. ಕೇಳಿದ ಮೇಲೆ ನಂಬಿ.