ನೀರು ಶಾಂತವಾಗಿದೆ ಅಂದವರು ಯಾರು?

‘ಅರ್ಧ ದಿನ, ಶಾಂತವಾದ ಹಿನ್ನೀರು, ಜೊತೆಗೆ ತರಬೇತಿ ಪಡೆದ ಗೈಡ್, ಈಜು ಬರದಿದ್ದರೂ ಚಿಂತೆಯಿಲ್ಲ.’ ಅಕ್ಟೋಬರ್ ಕೊನೆಯಲ್ಲಿ ನಮ್ಮ ಟೀಮ್ ಔಟಿಂಗಿಗೆ ಆರಿಸಿದ ಪ್ಯಾಡಲ್‌ಬೋರ್ಡಿಂಗ್ ಪ್ಯಾಕೇಜಿನ ವಿವರ ಇಷ್ಟೇ. ಜಾಗ ಮೂಲ್ಕಿ ಹತ್ತಿರ, ಶಾಂಭವಿ ನದಿ ಸಮುದ್ರ ಸೇರುವ ಮೊದಲು ಅಗಲವಾಗಿ ಹರಡಿಕೊಳ್ಳುವ ಕಡೆ. ತಲೆಗೆ ಎರಡು ಸಾವಿರದ ಚಿಲ್ಲರೆ. ನಾವು ಹನ್ನೊಂದು ಜನ. ಒಬ್ಬರೂ ಚೌಕಾಸಿ ಮಾಡಲಿಲ್ಲ.

ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ಇಪ್ಪತ್ತು ನಿಮಿಷ ಮರಳಿನ ಮೇಲೇ ಪಾಠ ಆಯಿತು. ಮೊದಲು ಹೇಗೆ ಮಂಡಿಯೂರಬೇಕು, ಬಿದ್ದರೆ ಬೋರ್ಡಿನಿಂದ ದೂರಕ್ಕೆ, ತಲೆ ಮುಂದಾಗದ ಹಾಗೆ ಹೇಗೆ ಬೀಳಬೇಕು, ಮತ್ತೆ ಹೇಗೆ ಹತ್ತಬೇಕು. ಬೋರ್ಡಿಗೂ ಕಾಲಿಗೂ ಸೇರಿಸಿ ಒಂದು ಹಗ್ಗ ಕಟ್ಟಿದರು, ಅದಕ್ಕೆ ಲೀಶ್ ಅಂತಾರೆ. ಲೈಫ್ ಜಾಕೆಟ್ಟಿನ ಒಂದೊಂದು ಬಕಲ್ಲನ್ನೂ ಆ ಹುಡುಗ ತಾನೇ ಎಳೆದು ನೋಡಿದ. ಇಪ್ಪತ್ತೈದು ದಾಟಿರಲಿಕ್ಕಿಲ್ಲ. ನಾವೆಲ್ಲ ಅವನಿಗೆ ‘ಬ್ರೋ, ನೀವು ಹೇಳಿ ಬ್ರೋ’. ಒಂಬತ್ತೂವರೆ ಹೊತ್ತಿಗೆ ಆತ ನೀರು ನೋಡಿ, ‘ಇಳಿತ ಶುರುವಾಗಿದೆ, ಇನ್ನು ಆ ಕಡೆ ಬೇಡ, ಅಳಿವೆ ಕಡೆಗೆ ಎಳೀತದೆ’ ಅಂದ. ನಮ್ಮ ಕಣ್ಣಿಗೆ ನೀರು ಕನ್ನಡಿ ಹಾಗೇ ಇತ್ತು. ಯಾವ ಎಳೆತವೂ ಕಾಣಲಿಲ್ಲ. ಆದರೂ ಹನ್ನೊಂದು ಸಾಫ್ಟ್‌ವೇರ್ ಎಂಜಿನಿಯರುಗಳು ತುಟಿ ಪಿಟಕ್ಕೆನ್ನದೆ ಬೋರ್ಡ್ ತಿರುಗಿಸಿದೆವು.

ಎರಡು ಸಾವಿರದ ಚಿಲ್ಲರೆಯಲ್ಲಿ ನಾವು ಕೊಂಡದ್ದು ಬೋರ್ಡನ್ನಲ್ಲ, ಆ ಒಂದು ಮಾತನ್ನು. ಇದು ನನಗೆ ಹೊಳೆದದ್ದು ಮಾತ್ರ ಮುಂದಿನ ತಿಂಗಳು, ನಮ್ಮೂರ ಕಡೆ ಹೋದಾಗ.

ನಮ್ಮೂರು ಗಾದಿಗನೂರು. ಹೊಸಪೇಟೆಯಿಂದ ಬಳ್ಳಾರಿಗೆ ರೈಲಲ್ಲಿ ಹೋದವರು ಸ್ಟೇಷನ್ ಬೋರ್ಡ್ ನೋಡಿರಬಹುದು, ಇಳಿದಿರಲಿಕ್ಕಿಲ್ಲ. ಅದಿರಿನ ಲಾರಿ, ಕೆಂಪು ಧೂಳು, ಬೇಸಿಗೆಯಲ್ಲಿ ಕೊಡಗಳ ಸಾಲು. ತುಂಗಭದ್ರೆ ಅಷ್ಟು ಹತ್ತಿರ ಇದ್ದರೂ ನೀರಿನ ಮೇಲೆ ಆಟ ಆಡಬಹುದು ಅಂತ ನಮಗೆ ಯಾರೂ ಹೇಳಿರಲಿಲ್ಲ. ನಮಗೆ ಹೊಳೆ ಅಂದರೆ ಪೈರು, ಹಬ್ಬ, ಇಲ್ಲವೇ ಯಾರದೋ ಮನೆಯ ಸೂತಕ.

ಮೂಲ್ಕಿಯ ಗುಂಗಿನಲ್ಲೇ ಇದ್ದ ಏಳು ಜನರನ್ನು ಹಂಪಿ ತೋರಿಸುತ್ತೇನೆ ಅಂತ ಕರೆದುಕೊಂಡು ಬಂದೆ. ಹೊಳೆ ಆಚೆ ದಡದ ಸಾಣಾಪುರ ಕೆರೆಗೂ ಹೋದೆವು. ಬಂಡೆಗಳ ಮಧ್ಯೆ ನೀಲಿ ನೀರು, ಮೇಲೆ ದುಂಡನೆ ಹರಿಗೋಲುಗಳು. ಅಲ್ಲಿನ ಅಣ್ಣ ನಮ್ಮಪ್ಪನ ವಯಸ್ಸಿನವರು. ತಲೆಗೆ ಇಷ್ಟು ಅಂದರು. ಮೂಲ್ಕಿಯಲ್ಲಿ ಬಾಯಿ ಬಿಡದಿದ್ದ ನಮ್ಮವನೊಬ್ಬ ಶುರು ಮಾಡಿದ: ‘ಏ ಅಷ್ಟೆಲ್ಲ ಆಗಲ್ಲ, ನೂರು ಕಮ್ಮಿ ಮಾಡ್ಕೋ, ಎಲ್ಲರ್ನೂ ಒಂದರಲ್ಲೇ ಹಾಕ್ಕೊಂಡು ಹೋಗು.’

ಮಾಡ್ಕೋ, ಹೋಗು. ಗಮನಿಸಿ, ಇಪ್ಪತ್ತೈದರ ಹುಡುಗನಿಗೆ ‘ನೀವು’, ಅರವತ್ತರ ಹತ್ತಿರದವರಿಗೆ ‘ನೀನು’. ಒಬ್ಬರ ಟೀ ಶರ್ಟಿನ ಮೇಲೆ ಇಂಗ್ಲಿಷಿನಲ್ಲಿ ‘ಇನ್‌ಸ್ಟ್ರಕ್ಟರ್’ ಅಂತ ಇತ್ತು, ಇನ್ನೊಬ್ಬರದು ಬನಿಯನ್ನು, ಲುಂಗಿ. ವ್ಯತ್ಯಾಸ ಅಷ್ಟೇ.

‘ಎಲ್ಲಾರೂ ಒಂದರಾಗ ಆಗಲ್ರಿ ಸಾರ್, ಎರಡು ಮಾಡೂಣು’ ಅಂದರು ಅಣ್ಣ. ದುಡ್ಡು ಮಾಡೋ ಉಪಾಯ ಅಂತ ನಮ್ಮವರು ಗೊಣಗಿದರು. ಜಾಕೆಟ್ಟುಗಳು ಬಣ್ಣ ಹೋಗಿದ್ದವು, ನಮ್ಮ ತೆಪ್ಪದಲ್ಲಿ ಎಲ್ಲರಿಗೂ ಸಾಲಲಿಲ್ಲ. ಇದ್ದವರೂ ಫೋಟೋ ಕೆಡುತ್ತದೆ ಅಂತ ಬಿಚ್ಚಿ ಕಾಲಡಿ ಹಾಕಿಕೊಂಡರು. ನಾನೂ ಸೇರಿ. ತಿಂಗಳ ಹಿಂದೆ ಬಕಲ್ ಎಳೆಸಿಕೊಂಡ ಅದೇ ಮೈಗಳು! ಕೆರೆ ಮಧ್ಯಕ್ಕೆ ಹೋದ ಮೇಲೆ ಬೇಡಿಕೆ ಬಂತು: ‘ಗಿರಗಿರ ಅಂತ ತಿರುಗಿಸು, ರೀಲ್ ಮಾಡಬೇಕು.’ ಅಣ್ಣ ಒಲ್ಲೆ ಅಂದರು. ‘ನೂರು ಜಾಸ್ತಿ ಕೊಡ್ತೀವಪ್ಪ’ ಅಂದ, ಐದು ನಿಮಿಷದ ಹಿಂದೆ ನೂರು ಕಡಿಮೆ ಮಾಡಿಸಿದ್ದವನೇ.

ಸುರಕ್ಷಿತವಾಗಿ ಕರೆದುಕೊಂಡು ಹೋಗೋದಕ್ಕೆ ನೂರು ಕಡಿತ, ಅಪಾಯಕ್ಕೆ ನೂರು ಬೋನಸ್. ನಾವು ಕೊಡೋ ದುಡ್ಡೇ ಹೀಗೆ ಪಾಠ ಹೇಳುತ್ತಿದ್ದರೆ ಆ ದಡದಲ್ಲಿ ಎಷ್ಟು ದಿನ ಒಳ್ಳೆಯ ಹುಟ್ಟುಗಾರ ಉಳಿದಾನು? ತಿರುಗಿಸುವವನಿಗೆ ಗಿರಾಕಿ, ಒಲ್ಲೆ ಅನ್ನುವವರಿಗೆ ಗೊಣಗಾಟ.

ತಿರುಗಿಸುವುದು ವಿದ್ಯೆಯೂ ಅಲ್ಲ. ದುಂಡನೆ ಬುಟ್ಟಿ ಬಿಟ್ಟರೆ ತಾನೇ ತಿರುಗುತ್ತದೆ. ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ, ಇಲ್ಲಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಆನೆಗೊಂದಿಗೆ ದಾಟಿಸುವ ಈ ದೋಣಿಗಳನ್ನು ನೋಡಿ ಬರೆದಿದ್ದಾನೆ: ಬೆತ್ತ ಹೆಣೆದು ಹೊರಗೆ ಚರ್ಮ ಹೊದಿಸಿದವು, ಹದಿನೈದು ಇಪ್ಪತ್ತು ಜನ ಹಿಡಿಸುತ್ತಾರೆ, ಬೇಕಾದರೆ ಕುದುರೆ ಎತ್ತುಗಳೂ ದಾಟುತ್ತವೆ, ಬೇರೆ ದೋಣಿಗಳ ಹಾಗೆ ನೆಟ್ಟಗೆ ಹೋಗದೆ ಸುತ್ತುತ್ತಲೇ ಇರುತ್ತವೆ. ಸುತ್ತುವುದು ಅವನ ಕಣ್ಣಿಗೆ ಕೊರತೆ. ಐನೂರು ವರ್ಷ ಆದ ಮೇಲೆ ನಾವು ಆ ಕೊರತೆಗೇ ನೂರು ರೂಪಾಯಿ ಮೇಲೆ ಕೊಡ್ತೀವಿ. ಈಗ ಬಿದಿರು, ಪ್ಲಾಸ್ಟಿಕ್ ಹಾಳೆ, ಡಾಂಬರು. ಹುಟ್ಟು ಹಾಕುವ ರೀತಿ ನೋಡಿ: ಮುಂದೆ ಕೂತು ನೀರನ್ನು ಅತ್ತ ಒಮ್ಮೆ ಇತ್ತ ಒಮ್ಮೆ ತನ್ನ ಕಡೆಗೆ ಎಳೆದುಕೊಳ್ಳುತ್ತಾ ಬುಟ್ಟಿಯನ್ನು ನೆಟ್ಟಗೆ ಒಯ್ಯಬೇಕು. ಒಂದು ಸಲ ಹುಟ್ಟು ಇಸ್ಕೊಂಡು ನೋಡಿದೆ. ಎರಡು ನಿಮಿಷದಲ್ಲಿ ಎಲ್ಲಿ ಹೊರಟಿದ್ದೆನೋ ಅಲ್ಲಿಗೇ ಬೆನ್ನು ಹಾಕಿ ಕೂತಿದ್ದೆ.

ಆಗಲೇ ಅಣ್ಣ ನಕ್ಕು ‘ಯಾವೂರ್ರಿ?’ ಅಂದರು. ಗಾದಿಗನೂರು ಅಂದೆ. ‘ಹೌದಾ ತಮ್ಮ, ಮೊದ್ಲು ಹೇಳಬಾರ್ದಾ’ ಅಂದರು. ಆಮೇಲೆ ನಾನು ಸಾರ್ ಆಗಲಿಲ್ಲ. ‘ಗಾಳಿ ತಿರುಗೇತಿ ತಮ್ಮ, ಇನ್ನ ಸಾಕು’ ಅಂತ ದಡಕ್ಕೆ ಹಾಕಿದರು. ನೀರು ನನ್ನ ಕಣ್ಣಿಗೆ ಕನ್ನಡಿ ಹಾಗೇ ಇತ್ತು. ಮೂಲ್ಕಿ ಹುಡುಗನ ಮಾತು ನೆನಪಾದದ್ದು ಅಲ್ಲಿ.

ವಾಪಸು ಬರುವಾಗ ಬಸ್ಸಿನಲ್ಲಿ ಒಬ್ಬಳಿಗೆ ಐಡಿಯಾ ಬಂತು: ‘ಇಲ್ಲೇ ಪ್ಯಾಡಲ್‌ಬೋರ್ಡ್ ಶುರು ಮಾಡಿದ್ರೆ? ತೆಪ್ಪಕ್ಕಿಂತ ಸೇಫ್, ಪ್ರೊಫೆಷನಲ್.’ ಎಲ್ಲರೂ ತಲೆಯಾಡಿಸಿದರು. ನನ್ನ ಜಗಳ ಇರೋದು ಇಲ್ಲೇ. ಗಾಳಿ ತುಂಬಿದ ಬೋರ್ಡಿನಲ್ಲಿ, ಸರ್ಟಿಫಿಕೇಟಿನಲ್ಲಿ ಸುರಕ್ಷೆ ಇದೆ ಅಂತ ನಾವು ನಂಬಿಬಿಟ್ಟಿದ್ದೇವೆ.

2021ರ ಅಕ್ಟೋಬರ್ 30ರಂದು ವೇಲ್ಸ್ ದೇಶದ ಹ್ಯಾವರ್‌ಫರ್ಡ್‌ವೆಸ್ಟ್ ಎಂಬ ಊರಲ್ಲಿ ಗೈಡ್ ಸಮೇತ ಹೊರಟ ಪ್ಯಾಡಲ್‌ಬೋರ್ಡ್ ತಂಡವೊಂದು ನದಿಗೆ ಅಡ್ಡ ಕಟ್ಟಿದ್ದ ಒಡ್ಡಿನ ಮೇಲಿಂದ ಕೆಳಕ್ಕೆ ಎಳೆದುಕೊಂಡು ಹೋಯಿತು. ಮಳೆಯಿಂದ ಹೊಳೆ ತುಂಬಿತ್ತು. ಮುಂದೆ ಒಡ್ಡು ಇದೆ ಅನ್ನುವ ಎಚ್ಚರಿಕೆ ಸರಿಯಾಗಿ ಕೊಟ್ಟಿರಲಿಲ್ಲ. ನಾಲ್ವರು ಸತ್ತರು. ಆ ಪ್ರವಾಸ ನಡೆಸಿದಾಕೆಗೆ 2025ರ ಏಪ್ರಿಲಿನಲ್ಲಿ ಹತ್ತೂವರೆ ವರ್ಷ ಜೈಲು. ಬೋರ್ಡು, ಹುಟ್ಟು, ಗೈಡು ಎಲ್ಲವೂ ಇದ್ದವು. ಮೂಲ್ಕಿಯಲ್ಲಿ ನಮ್ಮ ಕಾಲಿಗೆ ಕಟ್ಟಿದ ಹಗ್ಗ ನಿಂತ ನೀರಿಗೆ ಸರಿ, ಹರಿಯುವ ನೀರಿನಲ್ಲಿ ಅದೇ ಹಗ್ಗ ಬಂಡೆಗೋ ಬೇರಿಗೋ ಸಿಕ್ಕಿಕೊಂಡರೆ ಕೈಗೆ ಎಟುಕದೆ ಮುಳುಗಿಸುತ್ತದೆ. ಅದಕ್ಕೇ ಹೊಳೆಯಲ್ಲಿ ಸೊಂಟಕ್ಕೆ ಕಟ್ಟಿ, ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಲೀಶ್ ಬೇಕು. ಸಾಮಾನು ಅದೇ, ನೀರು ಬೇರೆ.

ಈಗ ನಮ್ಮ ನೀರು ನೋಡಿ. ಸಾಣಾಪುರ ಕೆರೆ ತುಂಗಭದ್ರಾ ಎಡದಂಡೆ ಕಾಲುವೆಗೆ ಹೊಂದಿಕೊಂಡಿರುವುದು. ಕಾಲುವೆ ಏರಿಳಿದಂತೆ ಅದರ ಮಟ್ಟವೂ ಏರಿಳಿಯುತ್ತದೆ, ನಿನ್ನೆ ಮುಳುಗಿದ್ದ ಬಂಡೆ ಇವತ್ತು ಅಂಗೈ ನೀರಿನಡಿ ಇರುತ್ತದೆ. ಪಕ್ಕದ ಹೊಳೆಯಂತೂ ಪೂರಾ ಡ್ಯಾಮಿನ ಕೈಯಲ್ಲಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ಕೆಳಗಿನವರು ಹೇಗೆ ಕಂಗಾಲಾದರು ಅಂತ ನಮ್ಮ ಕಡೆಯ ಯಾರನ್ನಾದರೂ ಕೇಳಿ. ಹಂಪಿಯವರಿಗೆ ಪುರಂದರ ಮಂಟಪವೇ ಅಳತೆಗೋಲು, ಅದು ಮುಳುಗಿತೋ ಇಲ್ಲವೋ ಅಂತ ನೋಡಿಯೇ ಹೊಳೆಯ ಮಾತಾಡೋದು. ಮೇಲಾಗಿ ವಿಜಯನಗರ ಕಾಲದ ಕಲ್ಲಿನ ಒಡ್ಡುಗಳಿವೆ, ತುರ್ತು ಕಾಲುವೆಗೆ, ಕಂಪ್ಲಿ ಕಾಲುವೆಗೆ ಇಂದಿಗೂ ನೀರು ತಿರುಗಿಸುವಂಥವು. ವೇಲ್ಸ್‌ನಲ್ಲಿ ಇದ್ದದ್ದು ಒಂದು ಒಡ್ಡು.

2025ರ ಫೆಬ್ರವರಿಯಲ್ಲಿ ಹೈದರಾಬಾದಿನ ಯುವ ವೈದ್ಯೆಯೊಬ್ಬರು ಸಾಣಾಪುರದ ಹತ್ತಿರ ಬಂಡೆಯ ಮೇಲಿಂದ ತುಂಗಭದ್ರೆಗೆ ಜಿಗಿದರು. ಸ್ನೇಹಿತರು ವಿಡಿಯೋ ಮಾಡುತ್ತಿದ್ದರು. ಹರಿವು ಎಳೆದುಕೊಂಡು ಹೋಯಿತು, ಮಾರನೆಯ ದಿನ ಶವ ಸಿಕ್ಕಿತು. ಈಜು ಬರದವರಲ್ಲ ಅವರು. ಈ ವಿಡಿಯೋ ನಮ್ಮ ಗ್ರೂಪುಗಳಲ್ಲೂ ಓಡಾಡಿತು, ‘ಎಷ್ಟು ಅನಾಹುತ’ ಅಂತ ಮೂರು ಅಳುಮುಖ ಹಾಕಿ ಮುಂದಕ್ಕೆ ಹೋದೆವು. ಬಂಡೆಗಳ ಮಧ್ಯೆ ಹೊಳೆ ಎಲ್ಲಿ ಇಕ್ಕಟ್ಟಾಗಿ ಒಳಗೊಳಗೇ ಓಡುತ್ತದೆ ಅಂತ ಮೇಲಿನಿಂದ ಕಾಣುವುದಿಲ್ಲ. ಗೊತ್ತಿರೋದು ದಿನಾ ಅದರ ಮೇಲಿರುವವರಿಗೆ.

ಇಂಥ ಅನಾಹುತ ಆದಾಗ ಆಡಳಿತಕ್ಕೆ ಗೊತ್ತಿರೋ ಮದ್ದು ಒಂದೇ, ನಿಷೇಧ. ಬೋರ್ಡ್ ನೆಡುವುದು, ಒಂದೆರಡು ವಾರ ಪೊಲೀಸರನ್ನು ನಿಲ್ಲಿಸುವುದು. ಆಮೇಲೆ ಶನಿವಾರ ಭಾನುವಾರದ ಕಾರುಗಳ ಸಾಲು ನೋಡಿ ಎಲ್ಲರೂ ಕಣ್ಣು ಮುಚ್ಚಿಕೊಳ್ಳೋದು. ಹೊಳೆಯ ಈ ದಡ ವಿಜಯನಗರ ಜಿಲ್ಲೆ, ಆ ದಡ ಕೊಪ್ಪಳ ಜಿಲ್ಲೆ, ಒಂದು ಕಡೆ ಬೇಡ ಅಂದದ್ದು ಇನ್ನೊಂದು ಕಡೆ ನಡೆಯುತ್ತದೆ. ನಿಷೇಧ ಅನ್ನೋದು ತೆಪ್ಪ ನಿಲ್ಲಿಸಲ್ಲ, ತೆಪ್ಪದವರನ್ನು ಕಳ್ಳರನ್ನಾಗಿ ಮಾಡುತ್ತೆ ಅಷ್ಟೇ. ಕದ್ದು ನಡೆಸುವವರು ಹೊಸ ಜಾಕೆಟ್ಟಿಗೆ ಯಾಕೆ ದುಡ್ಡು ಹಾಕಬೇಕು? ನಾಳೆ ಅದೂ ಜಪ್ತಿಯಾಗುತ್ತದಲ್ಲ. ಅವರಿಗೆ ಯಾವ ಇನ್ಶೂರೆನ್ಸ್ ಸಿಗುತ್ತೆ? ಆದರೆ ಯಾರಾದರೂ ಮುಳುಗಿದ ರಾತ್ರಿ ಹುಡುಕಲು ಬೇಕಾಗೋದು ಇವರೇ. ‘ಹಗಲು ಅಕ್ರಮ, ರಾತ್ರಿ ಸಕ್ರಮ’ ಅಂದರು ಅಣ್ಣ, ನಗದೆ.

ದಾರಿ ಇಲ್ಲ ಅಂತಲ್ಲ. 2021ರ ಒಳನಾಡು ನೌಕೆಗಳ ಕಾಯ್ದೆ ಯಂತ್ರವಿಲ್ಲದ ದೋಣಿಗಳನ್ನೂ ಲೆಕ್ಕಕ್ಕೆ ತಗೊಂಡಿದೆ, ಸ್ಥಳೀಯ ಸಂಸ್ಥೆಗಳ ಮಟ್ಟದಲ್ಲೇ ದಾಖಲಿಸಬಹುದು ಅನ್ನುತ್ತದೆ. ಹರಿಗೋಲಿಗೊಂದು ನಂಬರ್ ಕೊಡಿ, ಎಷ್ಟು ಜನ ಅಂತ ಅದರ ಮೇಲೇ ಬರೆಸಿ, ಜಾಕೆಟ್ ಇಲ್ಲದೆ ದಡ ಬಿಟ್ಟರೆ ದಂಡ ಹಾಕಿ, ಹತ್ತಿದವರಿಗೂ ಹಾಕಿ. ಡ್ಯಾಮಿನಿಂದ ನೀರು ಬಿಡುವ ಸುದ್ದಿ ಪತ್ರಿಕೆಗೆ ಹೋಗುವ ಮೊದಲು ಇವರ ಫೋನಿಗೆ ಬರಲಿ. ಹುಟ್ಟು ಹಿಡಿದವರು ‘ಇವತ್ತು ಬೇಡ’ ಅಂದ ದಿನದ ಕೂಲಿ ಕಳೆದುಕೊಳ್ಳದ ಹಾಗೆ ನೋಡಿಕೊಳ್ಳಿ. ಇದು ರಾಕೆಟ್ ವಿಜ್ಞಾನವೇನೂ ಅಲ್ಲ, ಬರೀ ಪಂಚಾಯ್ತಿ ಕೆಲಸ.

ತೆಪ್ಪದವರನ್ನು ದೇವರು ಮಾಡಬೇಡ ಅಂತ ಗೆಳೆಯರು ಅಂದರು. ಸರಿ, ಮಾಡಲ್ಲ. ಹೆಚ್ಚು ಜನ ತುಂಬುವವರಿದ್ದಾರೆ, ಹೊಸಬರ ಹತ್ತಿರ ಬಾಯಿಗೆ ಬಂದ ರೇಟು ಹೇಳುವವರಿದ್ದಾರೆ, ನೂರು ರೂಪಾಯಿಗೆ ತಿರುಗಿಸುವವರು ಪಕ್ಕದಲ್ಲೇ ಇದ್ದರು. ಅಂಥವರನ್ನು ಲೈಸೆನ್ಸ್ ಕಿತ್ತುಕೊಂಡು ಮನೆಗೆ ಕಳಿಸಬೇಕು. ಆದರೆ ಕಿತ್ತುಕೊಳ್ಳೋಕೆ ಮೊದಲು ಲೈಸೆನ್ಸ್ ಅಂತ ಒಂದು ಇರಬೇಕಲ್ಲ? (ಹಾಗೇ ಕೆರೆ ಮಧ್ಯೆ ಬ್ಲೂಟೂತ್ ಸ್ಪೀಕರ್ ಹಾಕುವ ಗಿರಾಕಿಗಳನ್ನೂ. ಡ್ಯಾಮಿನ ಹತ್ತಿರದಿಂದ ಕಂಪ್ಲಿ ಸೇತುವೆಯ ತನಕ 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ನೀರುನಾಯಿಗಳಿಗೆ ಮೀಸಲು ಅಂತ ಘೋಷಿಸಿದ್ದಾರೆ. ನೀರುನಾಯಿಗಳಿಗೆ ನಮ್ಮ ಪ್ಲೇಲಿಸ್ಟ್ ಬೇಕಾಗಿಲ್ಲ.)

ಪ್ಯಾಡಲ್‌ಬೋರ್ಡ್ ಬರಲಿ, ನನಗೇನೂ ಹೊಟ್ಟೆಕಿಚ್ಚಿಲ್ಲ, ಬೋರ್ಡಿನ ಮೇಲೆ ನಿಂತಾಗ ಆದ ಖುಷಿ ಇನ್ನೂ ಕಾಲಿನಲ್ಲಿದೆ. ಬೆಂಗಳೂರಿನಿಂದ ಇಳಿದ ಕಂಪನಿ ಇಪ್ಪತ್ತು ಬೋರ್ಡ್ ತಂದು, ಅಣ್ಣನನ್ನು ಬೋರ್ಡ್ ಹೊರುವ ಹೆಲ್ಪರ್ ಮಾಡಿ, ಹದಿನೈದು ದಿನದ ಕೋರ್ಸ್ ಮುಗಿಸಿದವನ ಕೈಗೆ ಸೀಟಿ ಕೊಡುವುದಿದೆಯಲ್ಲ, ಅದಕ್ಕೆ ನನ್ನ ತಕರಾರು. ಸೀಟಿ ಅಣ್ಣನ ಕೈಲಿರಲಿ, ಸಂಬಳವೂ ಸೀಟಿಯ ಲೆಕ್ಕದ್ದೇ ಇರಲಿ.

ಈ ಸಲದ ಔಟಿಂಗನ್ನು ಮತ್ತೆ ಸಾಣಾಪುರಕ್ಕೇ ಇಡೋಣ, ಅರ್ಧ ದಿನ, ಅಣ್ಣನೇ ಗೈಡ್, ಮೂಲ್ಕಿಯಲ್ಲಿ ಕೊಟ್ಟಷ್ಟೇ ಫೀ ಅಂತ ಆಫೀಸಿನಲ್ಲಿ ಹಟ ಮಾಡಿದೆ. ಒಪ್ಪಿದರು. ಫೈನಾನ್ಸಿನವರು ಫಾರ್ಮ್ ಕಳಿಸಿದರು: ವೆಂಡರ್ ಹೆಸರು, ಜಿಎಸ್‌ಟಿ ನಂಬರ್, ಸುರಕ್ಷತಾ ಪ್ರಮಾಣಪತ್ರ, ಇನ್ಶೂರೆನ್ಸ್ ಪ್ರತಿ. ಮೊನ್ನೆ ಸಂಜೆ ಅಣ್ಣನಿಗೆ ಫೋನ್ ಹಚ್ಚಿ ಒಂದೊಂದೇ ಓದಿ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಬರೀ ಗಾಳಿ ಸದ್ದು.

‘ಆಧಾರ್ ಕಾರ್ಡ್ ಐತಿ ತಮ್ಮ’ ಅಂದರು. ‘ನಡೀತೈತೇನು?’