ಕಿಟಕಿಯ ಕಲೆಗಾಗಿ ಕಣ್ಣು ಕಳೆದುಕೊಳ್ಳಬೇಡಿ

ಶಅಬಾನ್ ತಿಂಗಳ ಕೊನೆಯ ವಾರ ಬಂತೆಂದರೆ ನಮ್ಮ ಮನೆಗಳಲ್ಲಿ ಗಡಿಬಿಡಿ ಆರಂಭವಾಗುತ್ತದೆ. ಗೋಡೆಗೆ ಸುಣ್ಣಬಣ್ಣ ಬಳಿಯಬೇಕು, ಪರದೆ ಒಗೆಯಬೇಕು, ಅಟ್ಟದ ಪಾತ್ರೆಗಳನ್ನು ಇಳಿಸಿ ತೊಳೆಯಬೇಕು. ಎಲ್ಲ ಮುಗಿಯಿತು ಎನ್ನುವಾಗ ಕಿಟಕಿಯ ಗಾಜು ಕಣ್ಣಿಗೆ ಬೀಳುತ್ತದೆ. ಅದರ ಮೇಲೆ ಸುಣ್ಣದ ಹನಿ, ಸಿಮೆಂಟಿನ ಚುಕ್ಕೆ, ಒಲೆಯ ಹೊಗೆಯ ಜಿಡ್ಡು, ಬೋರ್‌ವೆಲ್ ನೀರಿನ ಬಿಳಿ ಕಲೆ. ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಆಗ ಯಾರೋ ಒಬ್ಬರು, "ಸ್ವಲ್ಪ ಆಸಿಡ್ ಹಾಕಿ, ಒಂದೇ ಸಲಕ್ಕೆ ಹೋಗುತ್ತದೆ" ಎನ್ನುತ್ತಾರೆ.

ಕೆಲವು ವರ್ಷಗಳ ಹಿಂದೆ ಇಂತಹುದೇ ದಿನಗಳಲ್ಲಿ ಧನಗೆರೆಯಿಂದ ಒಬ್ಬ ತಾಯಿಯನ್ನು ನನ್ನ ದವಾಖಾನೆಗೆ ಕರೆತಂದರು. ಹೊಸದಾಗಿ ಕಟ್ಟಿಸಿದ ಕೋಣೆಯ ಕಿಟಕಿಗೆ ಸಿಮೆಂಟ್ ಮೆತ್ತಿಕೊಂಡಿತ್ತಂತೆ. ಮಗ ಅಂಗಡಿಯಿಂದ ತಂಪು ಪಾನೀಯದ ಹಳೆಯ ಬಾಟಲಿಯಲ್ಲಿ ಬಿಡಿ ಆಸಿಡ್ ತಂದುಕೊಟ್ಟಿದ್ದ. ಅದರಿಂದಲೂ ಪೂರ್ತಿ ಹೋಗದಾಗ ಆಕೆ ಬಕೆಟ್ಟಿಗೆ ಬ್ಲೀಚಿಂಗ್ ಪೌಡರನ್ನೂ ಸೇರಿಸಿದರು. ಹಸಿರು ಮಿಶ್ರಿತ ಹಳದಿ ಹೊಗೆ ಎದ್ದಿತು, ಉಸಿರು ಕಟ್ಟಿತು. ಬಕೆಟ್ ಕೈಜಾರಿ ದ್ರವ ಮುಖಕ್ಕೆ ಚಿಮ್ಮಿತು. ಮನೆಯವರು ಗಾಬರಿಯಲ್ಲಿ ಕಣ್ಣಿಗೆ ಮೊದಲು ತುಪ್ಪ, ಆಮೇಲೆ ಹಾಲು ಹಾಕಿದರು. ನನ್ನ ಬಳಿಗೆ ಬರುವಷ್ಟರಲ್ಲಿ ಮುಕ್ಕಾಲು ಗಂಟೆ ಕಳೆದಿತ್ತು.

"ಹಕೀಮ್ ಸಾಬ್, ಅಮ್ಮಿ ಕಣ್ಣೇ ಬಿಡ್ತಿಲ್ಲ. ಏನಾದ್ರೂ ಅರ್ಕ ಹಾಕಿ" ಎಂದು ಮಗ ಅಳುತ್ತಿದ್ದ. ನಾನು ಯಾವ ಅರ್ಕವನ್ನೂ ಹಾಕಲಿಲ್ಲ. ನಲ್ಲಿಯ ಕೆಳಗೆ ತಲೆ ಹಿಡಿದು, ರೆಪ್ಪೆ ಬಿಡಿಸಿ ಅರ್ಧ ಗಂಟೆ ನೀರು ಹರಿಸಿದೆ. ನಂತರ ಆಸ್ಪತ್ರೆಗೆ ಕಳುಹಿಸಿದೆ. ಒಂದು ಕಣ್ಣು ಉಳಿಯಿತು. ಇನ್ನೊಂದರಲ್ಲಿ ಇಂದಿಗೂ ಮಂಜು ಕವಿದಂತೆ ಕಾಣುತ್ತದೆ ಎನ್ನುತ್ತಾರೆ. ಆ ಮುಕ್ಕಾಲು ಗಂಟೆ ತುಪ್ಪ, ಹಾಲಿನ ಬದಲು ಬರೀ ನೀರು ಬಿದ್ದಿದ್ದರೆ ಎಂದು ನನಗೆ ಈಗಲೂ ಅನಿಸುತ್ತದೆ.

ಆದ್ದರಿಂದ ನನ್ನ ಅಭಿಪ್ರಾಯವನ್ನು ನೇರವಾಗಿಯೇ ಹೇಳುತ್ತೇನೆ. ಮನೆಯ ಕಿಟಕಿ ತೊಳೆಯಲು ಆಸಿಡ್ ಬೇಕಾಗಿಯೇ ಇಲ್ಲ. ಅದು ನಮ್ಮ ಮನೆಯೊಳಗೆ ಬರಲೇಬಾರದು.

ಮೊದಲು ಕಲೆ ಯಾವುದೆಂದು ತಿಳಿಯೋಣ. ಕಾವೇರಿ ನಮ್ಮ ತಾಲ್ಲೂಕಿನಲ್ಲೇ ಹರಿದರೂ ಎಷ್ಟೋ ಮನೆಗಳ ದಿನಬಳಕೆಗೆ ಕೊಳವೆಬಾವಿಯ ಗಡಸು ನೀರೇ ಗತಿ. ಅದರಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಷಿಯಂ ಲವಣಗಳು ನೀರು ಆರಿದ ಮೇಲೆ ಗಾಜಿನ ಮೇಲೆ ಬಿಳಿ ಪದರವಾಗಿ ಉಳಿಯುತ್ತವೆ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ನೀರು ಸಿಗದಿದ್ದಲ್ಲಿ 600ರವರೆಗೆ ಒಪ್ಪಬಹುದು. ಗೋಡೆಗೆ ಬಳಿದ ಸುಣ್ಣದ ಹನಿಯೂ ಗಾಳಿಗೆ ಆರಿ ಇದೇ ಜಾತಿಯ ಕಲೆಯಾಗುತ್ತದೆ.

ಇಂತಹ ಕಲೆ ಕರಗಲು ಹುಳಿ ಸಾಕು. ನಮ್ಮ ಯುನಾನಿ ವೈದ್ಯದಲ್ಲಿ ಸಿರ್ಕಾಕ್ಕೆ ದೊಡ್ಡ ಸ್ಥಾನವಿದೆ. ಸಿಕಂಜಬೀನ್ ತಯಾರಾಗುವುದೂ ಅದರಿಂದಲೇ. ಅಂಗಡಿಯಲ್ಲಿ ವಿನೆಗರ್ ಎಂದು ಸಿಗುವ ಬಿಳಿ ಸಿರ್ಕಾಕ್ಕೆ ಅಷ್ಟೇ ನೀರು ಬೆರೆಸಿ, ಹಳೆಯ ಬಟ್ಟೆಯನ್ನು ಅದರಲ್ಲಿ ಅದ್ದಿ ಗಾಜಿಗೆ ಅಂಟಿಸಿ. ಹತ್ತು ಹದಿನೈದು ನಿಮಿಷ ಬಿಟ್ಟು ಉಜ್ಜಿ, ತೊಳೆದು, ಒಣ ಬಟ್ಟೆಯಿಂದ ಒರೆಸಿ. ಸಿರ್ಕಾ ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಎರಡು ಚಮಚ ನಿಂಬೆ ಉಪ್ಪು ಕರಗಿಸಿಕೊಳ್ಳಬಹುದು. ಒಂದೇ ಸಲಕ್ಕೆ ಹೋಗದಿದ್ದರೆ ಮರುದಿನ ಮತ್ತೊಮ್ಮೆ ಮಾಡಿ. ಬಿಸಿಲು ನೇರವಾಗಿ ಬೀಳುವಾಗ ಬೇಡ; ದ್ರವ ಬೇಗ ಆರಿ ಹೊಸ ಕಲೆಯಾಗುತ್ತದೆ.

ಅಡುಗೆಮನೆಯ ಕಿಟಕಿಯ ಜಿಡ್ಡಿಗೆ ಹುಳಿ ನಾಟುವುದಿಲ್ಲ. ಅದಕ್ಕೆ ಬಿಸಿನೀರು, ಪಾತ್ರೆ ತೊಳೆಯುವ ಸಾಬೂನು, ಚಿಟಿಕೆ ವಾಷಿಂಗ್ ಸೋಡಾ ಬೇಕು. ಬಣ್ಣದ ಹನಿ ಅಥವಾ ಸಿಮೆಂಟ್ ಗಟ್ಟಿಯಾಗಿದ್ದರೆ ಸಾಬೂನು ನೀರಿನಿಂದ ಗಾಜನ್ನು ಚೆನ್ನಾಗಿ ಒದ್ದೆ ಮಾಡಿ, ಹೊಸ ಬ್ಲೇಡನ್ನು ಓರೆಯಾಗಿ ಹಿಡಿದು ಮೆಲ್ಲಗೆ ಕೆರೆಯಿರಿ. ಒಣ ಗಾಜಿನ ಮೇಲೆ ಕೆರೆದರೆ ಗೀರು ಬೀಳುತ್ತದೆ. ವರ್ಷಗಟ್ಟಲೆ ಕಲೆ ಕೂತು ಗಾಜಿನ ಮೈಯೇ ಸವೆದಿದ್ದರೆ ಯಾವ ದ್ರವ ಹಾಕಿದರೂ ಹೊಳಪು ಬಾರದು. ಅಲ್ಲಿ ಆಸಿಡ್ ಸುರಿಯುವುದು ವ್ಯರ್ಥ. ಗಾಜು ಬದಲಿಸುವುದೇ ದಾರಿ.

ಆಸಿಡ್ ಏನು ಮಾಡುತ್ತದೆ? ಶೌಚಾಲಯಕ್ಕೆಂದು ಬಿಡಿಯಾಗಿ ಮಾರುವುದು ಸಾಮಾನ್ಯವಾಗಿ ಹೈಡ್ರೋಕ್ಲೋರಿಕ್ ಆಮ್ಲ. ಗಾಜಿಗೆ ಅದರಿಂದ ಹೆಚ್ಚೇನೂ ಆಗದು. ಆದರೆ ಅದರ ಹೊಗೆ ಕಿಟಕಿಯ ಕಬ್ಬಿಣದ ಸರಳುಗಳಿಗೆ ತುಕ್ಕು ಹಿಡಿಸುತ್ತದೆ, ಅಲ್ಯೂಮಿನಿಯಂ ಚೌಕಟ್ಟನ್ನು ತಿನ್ನುತ್ತದೆ, ನಿಮ್ಮ ಗಂಟಲು ಮತ್ತು ಶ್ವಾಸಕೋಶವನ್ನು ಸುಡುತ್ತದೆ. ತುಕ್ಕು ತೆಗೆಯಲೆಂದು ಬರುವ ಕೆಲವು ದ್ರವಗಳಲ್ಲಿ ಇದಕ್ಕಿಂತ ಭಯಂಕರವಾದ ಹೈಡ್ರೋಫ್ಲೋರಿಕ್ ಆಮ್ಲ ಇರುತ್ತದೆ. ಅದು ಗಾಜನ್ನೇ ಕರಗಿಸುತ್ತದೆ. ಚರ್ಮಕ್ಕೆ ತಗುಲಿದರೆ ಕೆಲವೊಮ್ಮೆ ತಕ್ಷಣ ನೋವೇ ತಿಳಿಯದು. ಒಳಗಿಳಿದು ರಕ್ತದ ಕ್ಯಾಲ್ಸಿಯಂ ಇಳಿಸಿ ಹೃದಯದ ಬಡಿತವನ್ನೇ ಕೆಡಿಸಬಲ್ಲದು. ಡಬ್ಬಿಯ ಮೇಲೆ ಈ ಹೆಸರು ಕಂಡರೆ ಅಲ್ಲಿಯೇ ಬಿಟ್ಟು ಬನ್ನಿ.

ಕ್ಷಾರವೂ ಸಾಧುವಲ್ಲ. ಜಗತ್ತು ಇಂದು 'ಅಲ್ಕಲಿ' ಎನ್ನುವ ಪದ ಅರಬಿಯಿಂದ ಬಂದದ್ದು. ಗಿಡ ಸುಟ್ಟ ಬೂದಿಯ ಹೆಸರದು. ಕಾಸ್ಟಿಕ್ ಸೋಡಾ, ಹಸಿ ಸುಣ್ಣ, ಹಸಿ ಸಿಮೆಂಟ್ ಎಲ್ಲವೂ ಕ್ಷಾರಗಳೇ. ಕಣ್ಣಿಗೆ ಬಿದ್ದರೆ ಇವು ಆಮ್ಲಕ್ಕಿಂತ ಆಳಕ್ಕೆ ಇಳಿಯುತ್ತವೆ. ಸುಣ್ಣದ ಡಬ್ಬಿ ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಿ.

ಇನ್ನು ಬೆರೆಸುವ ವಿಷಯ. ಬ್ಲೀಚಿಂಗ್ ಪೌಡರ್ ಅಥವಾ ಬ್ಲೀಚ್ ದ್ರವಕ್ಕೆ ಆಸಿಡ್ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಸಿರ್ಕಾ, ನಿಂಬೆ ಉಪ್ಪು ಸೇರಿದರೂ ಅದೇ ಅಪಾಯ. 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ಬಳಿ ಜರ್ಮನ್ ಸೇನೆ ಶತ್ರುಗಳ ಮೇಲೆ ಬಿಟ್ಟದ್ದು ಇದೇ ಅನಿಲವನ್ನು. ಯುದ್ಧದ ವಿಷವನ್ನು ನಾವು ಕದ ಮುಚ್ಚಿದ ಬಚ್ಚಲಿನಲ್ಲಿ ನಮ್ಮ ಕೈಯಾರೆ ತಯಾರಿಸುತ್ತಿದ್ದೇವೆ. ಗಾಜು ಒರೆಸುವ ಕೆಲವು ದ್ರವಗಳಲ್ಲಿ ಅಮೋನಿಯಾ ಇರುತ್ತದೆ. ಅದಕ್ಕೆ ಬ್ಲೀಚ್ ಸೇರಿದರೂ ವಿಷಾನಿಲವೇ. ಆದ್ದರಿಂದ ಒಂದು ಕೆಲಸಕ್ಕೆ ಒಂದೇ ದ್ರವ. ಅದನ್ನು ಪೂರ್ತಿ ತೊಳೆದ ಬಳಿಕವೇ ಇನ್ನೊಂದು. ಕೈಗೆ ರಬ್ಬರ್ ಗವಸು, ಕಣ್ಣಿಗೆ ಕನ್ನಡಕ ಇರಲಿ. ಬಾಗಿಲು ತೆರೆದಿರಲಿ, ಮಕ್ಕಳು ದೂರವಿರಲಿ.

ಕಾನೂನೂ ನಮ್ಮ ಪರವಾಗಿದೆ. ಆಸಿಡ್ ದಾಳಿಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರ ಜುಲೈ 18ರಂದು ನೀಡಿದ ಆದೇಶದಂತೆ, ಕೊಳ್ಳುವವರ ಗುರುತಿನ ಚೀಟಿ ನೋಡದೆ, ಹೆಸರು ವಿಳಾಸ ದಾಖಲಿಸದೆ ಅಂಗಡಿಯವರು ಆಸಿಡ್ ಮಾರುವಂತಿಲ್ಲ. 18 ವರ್ಷದೊಳಗಿನವರಿಗೆ ಮಾರಲೇಬಾರದು. ತಪ್ಪಿದರೆ 50,000 ರೂಪಾಯಿವರೆಗೆ ದಂಡವಿದೆ. ಹೀಗಿದ್ದೂ ಪಾನೀಯದ ಬಾಟಲಿಯಲ್ಲಿ ಬಿಡಿ ಆಸಿಡ್ ಸಿಗುತ್ತಿದೆ ಎಂದರೆ ಕೊಳ್ಳುವ ನಮ್ಮಲ್ಲೂ ತಪ್ಪಿದೆ. ನೀರೆಂದು ಭಾವಿಸಿ ಮಗು ಕುಡಿದರೆ ಹೊಣೆ ಯಾರು?

ಅನಾಹುತ ಆಗಿಯೇ ಹೋದರೆ ಇಷ್ಟು ನೆನಪಿಡಿ. ಕಣ್ಣಿಗೆ ಬಿದ್ದರೆ ತಕ್ಷಣ ಹರಿಯುವ ನೀರಿನಲ್ಲಿ ಕನಿಷ್ಠ 20 ನಿಮಿಷ ತೊಳೆಯಿರಿ. ತುಪ್ಪ, ಹಾಲು, ಜೇನು, ಗುಲಾಬಿ ನೀರು, ಸುರ್ಮಾ ಯಾವುದೂ ಬೇಡ. ಯುನಾನಿ ಹಕೀಮನಾಗಿಯೇ ಇದನ್ನು ಹೇಳುತ್ತಿದ್ದೇನೆ: ಆ ಹೊತ್ತಿಗೆ ನೀರೇ ಔಷಧ, ನಂತರ ಆಸ್ಪತ್ರೆ. ಹೊಗೆ ಕುಡಿದವರನ್ನು ಬಯಲಿಗೆ ಕರೆತನ್ನಿ. ನುಂಗಿದವರಿಗೆ ವಾಂತಿ ಮಾಡಿಸಬೇಡಿ. 108ಕ್ಕೆ ಕರೆ ಮಾಡಿ, ಬಾಟಲಿಯನ್ನೂ ಜೊತೆಗೆ ಒಯ್ಯಿರಿ. ಉಪವಾಸವಿದೆಯೆಂದು ಹಿಂಜರಿಯಬೇಡಿ. ಚಿಕಿತ್ಸೆಗಾಗಿ ರೋಝಾ ಬಿಡಬೇಕಾಗಿ ಬಂದರೆ ನಂತರ ಪೂರೈಸಲು ದೀನ್ ಅವಕಾಶ ಕೊಟ್ಟಿದೆ.

ಕೊನೆಯದಾಗಿ ಒಂದು ಮಾತು. ಶುಚಿತ್ವವನ್ನು ಈಮಾನಿನೊಂದಿಗೆ ಜೋಡಿಸಿದ ಸಮುದಾಯ ನಮ್ಮದು. ಆದರೆ ತಹಾರತ್ ಬೇರೆ, ಹೊಳಪು ಬೇರೆ. ನಜಸ್ ತಗುಲಿದ ಬಟ್ಟೆಯನ್ನು ತೊಳೆದ ಮೇಲೂ ಸುಲಭವಾಗಿ ಹೋಗದ ಬಣ್ಣ ಉಳಿದರೆ ಅದಕ್ಕೆ ಫಿಕ್‌ಹ್‌ನಲ್ಲಿ ರಿಯಾಯಿತಿ ಇದೆ. ಹಾಗಿರುವಾಗ ನಜಸ್ ಅಲ್ಲದ ಒಂದು ಸುಣ್ಣದ ಕಲೆಗಾಗಿ ಮನೆಯ ತಾಯಿ, ಸೊಸೆ, ಮಗಳ ಕಣ್ಣನ್ನು ಪಣಕ್ಕಿಡುವುದು ಯಾವ ಶುಚಿತ್ವ? ಮಸೀದಿ ಕಮಿಟಿಯ ಹಿರಿಯರಲ್ಲೂ ನನ್ನ ವಿನಂತಿ: ವುಝೂ ಖಾನೆ ಮತ್ತು ಕಿಟಕಿ ತೊಳೆಯುವವರಿಗೆ ಆಸಿಡ್ ಬಾಟಲಿ ಕೊಡುವ ಬದಲು ಗವಸು, ಸಿರ್ಕಾ ಮತ್ತು ಸ್ವಲ್ಪ ಹೆಚ್ಚು ಸಮಯ ಕೊಡಿ.

ಈ ಸಲ ಈದ್ ದಿನ ನಿಮ್ಮ ಕಿಟಕಿಯಲ್ಲಿ ಒಂದೆರಡು ಕಲೆ ಉಳಿದಿದ್ದರೂ ಚಿಂತೆಯಿಲ್ಲ. ಆ ಕಿಟಕಿಯಿಂದ ಚಂದ್ರನನ್ನು ನೋಡುವ ಕಣ್ಣುಗಳು ನೆಟ್ಟಗಿರಲಿ.